ಮುನಿಕೃಷ್ಣಪ್ಪನವರ ಕಾರಿನ ಹಳದಿ ದೀಪ

ಬಿಲ್ಕೀಸ್ ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಯವರೆಗೆ ಬಂದುಬಿಟ್ಟಿದ್ದಳು. ಅದನ್ನು ಮೊದಲು ಕಂಡವಳು ಪ್ರತಿಭಾ. ಇಂಥ ಸಣ್ಣ ಸಂಗತಿಗಳು ಅವಳ ಕಣ್ಣಿಗೆ ತಾವಾಗಿಯೇ ಬೀಳುತ್ತಿದ್ದವು. ಬಿದ್ದ ಮೇಲೆ ಅವಳನ್ನು ನೆಮ್ಮದಿಯಾಗಿ ಇರಗೊಡುತ್ತಿರಲಿಲ್ಲ. ಏನೋ ಕೆಟ್ಟದ್ದಾಗಿದೆ ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ಬಿಲ್ಕೀಸ್ ಬಾಯಿಬಿಟ್ಟಳು.

"ಮೇಡಂ, ನಮ್ಮ ಮನೆಯವರನ್ನ ಕಳ್ಳ ಅಂದ್ಬಿಟ್ರು. ಟೀ ಅಂಗಡಿ ಮುಂದೆ, ಇಪ್ಪತ್ತು ಜನ ನಿಂತಿರೋವಾಗ."

ಸುಭದ್ರಮ್ಮ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದರು. ಕೈ ನಿಲ್ಲಿಸಲಿಲ್ಲ. "ಮೊದ್ಲು ಕೂತ್ಕೊ. ನೀರು ಕುಡಿ. ಆಮೇಲೆ ಶುರುವಿಂದ ಹೇಳು, ಮಧ್ಯದಿಂದ ಬೇಡ," ಎಂದರು.

ಅವರು ಹೆಣ್ಣುಮಕ್ಕಳ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಡೆಮಾನ್‌ಸ್ಟ್ರೇಟರ್ ಆಗಿದ್ದು ನಿವೃತ್ತರಾದವರು. ಬಿಲ್ಕೀಸ್ ಅವರ ಹಳೆಯ ವಿದ್ಯಾರ್ಥಿನಿ. ಹಲಸೂರು ಕೆರೆಯ ಹಿಂದಿನ ಬೀದಿಯ ಅವರ ಮನೆಗೆ ಕಳೆದುಹೋದ ಉಂಗುರದ ಕತೆ, ಸಹಿಯಿಲ್ಲದ ಕಾಗದದ ಕತೆ ಹೊತ್ತು ಬರುವವರು ಆಗಾಗ ಇದ್ದೇ ಇರುತ್ತಿದ್ದರು. ಪೊಲೀಸರ ಹತ್ತಿರ ಹೋಗಲಾರದವರು, ಹೋಗಬಾರದವರು. ದಾವಣಗೆರೆಯಿಂದ ಬಂದು ಇಂದಿರಾನಗರದ ಕಚೇರಿಯೊಂದರಲ್ಲಿ ಪತ್ರಗಳನ್ನು ತಿದ್ದುವ ಕೆಲಸ ಹಿಡಿದಿದ್ದ ಪ್ರತಿಭಾ ನಾಲ್ಕು ವರ್ಷದಿಂದ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದಳು. ಸುಭದ್ರಮ್ಮ ಹೋದಲ್ಲಿಗೆಲ್ಲ ಹೋಗಿ, ಕಂಡದ್ದನ್ನು ಚಿಕ್ಕ ಪುಸ್ತಕವೊಂದರಲ್ಲಿ ಬರೆದುಕೊಳ್ಳುವುದು ಹೇಗೋ ಅವಳ ಪಾಲಿನ ಕೆಲಸವಾಗಿಬಿಟ್ಟಿತ್ತು.

ಬಿಲ್ಕೀಸ್ ಶುರುವಿಂದ ಹೇಳಿದಳು. ಅವಳ ಗಂಡ ಮುಕ್ತಾರ್ ಶಿವಾಜಿನಗರದ ಗುಜರಿ ಗಲ್ಲಿಯಲ್ಲಿ ಕೆಲಸ ಕಲಿತ ಮೆಕ್ಯಾನಿಕ್. ಹನ್ನೊಂದು ವರ್ಷದಿಂದ ಹಳೇ ಮದ್ರಾಸ್ ರಸ್ತೆಯ ಪಕ್ಕದ ಒಂದು ತಗಡಿನ ಷೆಡ್ಡಿನಲ್ಲಿ ಅವನ ಗ್ಯಾರೇಜು. ಷೆಡ್ಡು ಮಹದೇವಪುರದ ಮುನಿಕೃಷ್ಣಪ್ಪ ಎಂಬವರದು. ಹೋದ ವರ್ಷ ಮುನಿಕೃಷ್ಣಪ್ಪ ಐದು ವರ್ಷ ಓಡಿದ ಬಿಳಿ ಕಾರೊಂದನ್ನು ಕೊಂಡರು. ದಸರಾ ಹೊತ್ತಿಗೆ ಅದರ ಮುಂದಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪವೊಂದು ಹತ್ತಿಕೊಂಡಿತು. ಮುಕ್ತಾರ್ ಸರಿಮಾಡಿ ಕಳಿಸಿದ. ಮೂರು ವಾರಕ್ಕೆ ಮತ್ತೆ ಹತ್ತಿತು. ಮತ್ತೆ ಸರಿಮಾಡಿದ, ಮತ್ತೆ ಹತ್ತಿತು. ಎಮಿಷನ್ ಟೆಸ್ಟಿನಲ್ಲೂ ಕಾರು ಫೇಲಾಯಿತು.

"ಮೊನ್ನೆ ಅವರ ತಮ್ಮನ ಮಗ ಮುನೀಂದ್ರ ಕಾರಿನ ಕೆಳಗೆ ಇಣುಕಿ ನೋಡಿದ್ನಂತೆ. ಹೊಗೆ ಪೈಪಿನಲ್ಲಿರೋ ಸೆನ್ಸರ್ ಮೇಲೆ ಗುಜರಿಯವರು ಬಣ್ಣದಲ್ಲಿ ಬರೆಯೋ ನಂಬರ್ ಇತ್ತು. ಒರಿಜಿನಲ್ ಮಾರ್ಕೊಂಡು ಗುಜರಿ ಮಾಲು ಹಾಕಿದಾನೆ, ಅದಕ್ಕೇ ದೀಪ ಆರ್ತಾ ಇಲ್ಲ ಅಂತ ದೊಡ್ಡಪ್ಪನ ಕಿವಿಗೆ ಹಾಕ್ದ. ಯಜಮಾನ್ರು ಬಂದು ಎಲ್ಲರ ಮುಂದೆ ಕಳ್ಳ ಅಂದ್ರು. ಭಾನುವಾರ ಷೆಡ್ ಖಾಲಿ ಮಾಡ್ಬೇಕಂತೆ."

"ಗುಜರಿ ಸೆನ್ಸರ್ ಹಾಕಿದ್ದು ನಿಜಾನಾ?"

ಬಿಲ್ಕೀಸ್ ತಲೆ ತಗ್ಗಿಸಿದಳು. "ನಿಜ ಮೇಡಂ. ಆದರೆ ಕಳ್ಳತನ ಅಲ್ಲ." "ಷೆಡ್ ಹೋದ್ರೆ ಇನ್ನೊಂದು ಸಿಗತ್ತೆ. ಆ ಮಾತು ಇದೆಯಲ್ಲ, ಅದು ಎಲ್ಲಿಗೆ ಹೋದ್ರೂ ನಮ್ಮ ಹಿಂದೇನೇ ಬರತ್ತೆ. ನನಗೆ ಆ ಮಾತು ವಾಪಸ್ ಬೇಕು."

ಸುಭದ್ರಮ್ಮ ಮೊದಲ ಬಾರಿಗೆ ಕೈ ಒರೆಸಿಕೊಂಡರು. "ಮಹದೇವಪುರದ ಮುನಿಕೃಷ್ಣಪ್ಪ ಅಂದ್ಯಾ? ಹಾಲು ಹಾಕ್ತಿದ್ದೋರಾ?"

"ಹೌದು ಮೇಡಂ. ಮೊದಲು ಹಾಲಿನ ವ್ಯಾಪಾರ. ಈಗ ಜಮೀನು, ಬಾಡಿಗೆ."

"ನಮ್ಮನೆಗೂ ಅವರದೇ ಹಾಲು ಕಣೇ, ವರ್ಷಗಟ್ಟಲೆ. ಅವರ ಸ್ಕೂಟರ್ ಸದ್ದು ತಿರುವಿನಲ್ಲಿ ಕೇಳ್ತಿದ್ದ ಹಾಗೇ ನಾನು ಪಾತ್ರೆ ಹಿಡ್ಕೊಂಡು ಹೊರಗೆ ಬರ್ತಿದ್ದೆ. ಒಂದು ದಿನವೂ ನೀರು ಬೆರೆಸಿದವರಲ್ಲ," ಎಂದರು ಸುಭದ್ರಮ್ಮ. ಹಾಗೆಂದವರು ಏಕೋ ಯೋಚನೆಗೆ ಬಿದ್ದರು.

ಮರುದಿನ ಶುಕ್ರವಾರ ಪ್ರತಿಭಾ ಅರ್ಧ ದಿನ ರಜೆ ಹಾಕಿದಳು. ಇಬ್ಬರೂ ಷೆಡ್ಡಿಗೆ ಹೋದಾಗ ಮುಕ್ತಾರ್ ತನ್ನ ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಗೋಣಿಚೀಲಕ್ಕೆ ಹಾಕುತ್ತಿದ್ದ. ಬಿಳಿ ಕಾರು ಮೂಲೆಯಲ್ಲಿತ್ತು. ಮುನಿಕೃಷ್ಣಪ್ಪ ಕೋಪದಲ್ಲಿ ಅದನ್ನು ಅಲ್ಲೇ ಬಿಟ್ಟು, ಭಾನುವಾರ ಷೆಡ್ಡಿನ ಬೀಗದ ಜೊತೆಗೇ ತೆಗೆದುಕೊಂಡು ಹೋಗುತ್ತೇನೆಂದು ಹೇಳಿದ್ದರು. ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದವರು ಷೆಡ್ಡಿನ ಕಡೆ ನೋಡಿ ಮುಖ ತಿರುಗಿಸಿಕೊಳ್ಳುವುದನ್ನು ಪ್ರತಿಭಾ ಕಂಡಳು.

"ಸ್ಪ್ಯಾನರ್ ಆಮೇಲೆ ಕಟ್ಟಪ್ಪಾ," ಎಂದರು ಸುಭದ್ರಮ್ಮ. "ನನಗೆ ಕಾರಿನ ಗಂಧ ಗಾಳಿ ಇಲ್ಲ. ಮೊದಲ ವರ್ಷದ ಹುಡುಗಿಗೆ ಹೇಳಿಕೊಡೋ ಹಾಗೆ ಹೇಳು. ಆ ದೀಪ ಏನು ಹೇಳುತ್ತೆ?"

ಮುಕ್ತಾರ್ ಕೈಯಲ್ಲಿದ್ದದ್ದನ್ನು ಕೆಳಗಿಟ್ಟ. "ಅಮ್ಮಾ, ಹೊಗೆ ಹೋಗೋ ಪೈಪ್ ಇದೆಯಲ್ಲ, ಅದರೊಳಗೆ ಈ ಸೆನ್ಸರ್ ಕೂತಿರತ್ತೆ. ಗಾಡಿದು ಮೂಗು ಅಂತ ತಿಳ್ಕೊಳ್ಳಿ. ಪೆಟ್ರೋಲು ಸರಿಯಾಗಿ ಉರೀತಾ ಇದೆಯಾ ಇಲ್ವಾ ಅಂತ ಮೂಸಿ ನೋಡತ್ತೆ. ಮೂಗು ಕಟ್ಕೊಂಡ್ರೆ ದೀಪ ಹತ್ತತ್ತೆ. ದೊಡ್ಡ ಕಂಪನಿಯವರ ಹತ್ರ ಮಿಷನ್ ಇರತ್ತೆ, ನನ್ನ ಹತ್ರ ಇಲ್ಲ. ಒಂದು ವೈರ್ ತುಂಡು ಸಿಕ್ಕಿಸ್ತೀನಿ, ದೀಪ ಮಿಟುಕತ್ತೆ, ಎಷ್ಟು ಸಲ ಅಂತ ಎಣಿಸ್ತೀನಿ. ಪ್ರತಿ ಸಲಾನೂ ಅದೇ ಎಣಿಕೆ. ಮೂಗೇ."

"ಮೂಗು ಕಟ್ಕೊಂಡಿದ್ದು ಯಾವುದರಿಂದ?"

"ಅಲ್ಲೇ ನನ್ನ ತಲೆ ಕೆಟ್ಟೋಗಿರೋದು." ಅವನು ಬೀಡಿ ಡಬ್ಬಿಯಂಥ ಒಂದು ತಗಡಿನ ಡಬ್ಬಿ ತಂದು ತೆರೆದ. ಒಳಗೆ ಬೆರಳುದ್ದದ ಒಂದು ಲೋಹದ ತುಂಡು. ತುದಿಯೆಲ್ಲ ಕಪ್ಪು ಮಸಿ. "ಇದೇ ಒರಿಜಿನಲ್. ಮೂರು ಸಲ ಕ್ಲೀನ್ ಮಾಡ್ದೆ, ಸತ್ತೋಯ್ತು. ಹೊಸದು ಹಾಕಿ ಅನ್ನೋಕೆ ನಾಚಿಕೆ ಆಯ್ತು, ಮೂರು ಸಲ ಸರಿಮಾಡ್ದೆ ಅಂತ ಹೇಳಿದೋನು ನಾನೇ ಅಲ್ವಾ. ಗುಜರಿಯಿಂದ ಒಳ್ಳೇದು ಹುಡುಕಿ, ನನ್ನ ಕೈಯಿಂದಾನೇ ಹಾಕ್ದೆ. ಹೇಳ್ಲಿಲ್ಲ. ಅದೊಂದು ತಪ್ಪು ಮಾಡ್ದೆ. ಈಗ ಇದನ್ನ ತೋರಿಸಿದ್ರೆ, ಇದು ನಮ್ಮ ಕಾರಿಂದಾನೇ ಅಂತ ಏನು ಗ್ಯಾರಂಟಿ ಅಂತಾನೆ ಆ ಮುನೀಂದ್ರ."

ಸುಭದ್ರಮ್ಮ ಆ ತುದಿಯನ್ನು ಬೆರಳಿನಿಂದ ತೀಡಿ ನೋಡಿದರು. ಮಸಿ ಪುಡಿಯಾಗಿ ಉದುರಲಿಲ್ಲ. ಕಾಡಿಗೆಯಂತೆ ಜಿಡ್ಡಾಗಿ ಅಂಟಿತು. "ಒಣಗಿಲ್ಲ. ಇದರಲ್ಲಿ ಎಣ್ಣೆ ಇದೆ."

"ಅದೇ ಅಮ್ಮಾ! ಎಣ್ಣೆ ಉರೀತಾ ಇದೆ. ಎಂಜಿನ್ ಒಳಗೆ ಸವೆದಿರ್ಬೇಕು, ಎಂಜಿನ್ ಆಯಿಲ್ ಸೋರಿ ಪೆಟ್ರೋಲ್ ಜೊತೆ ಉರೀತಿದೆ ಅನ್ಕೊಂಡು ಎಲ್ಲಾ ಚೆಕ್ ಮಾಡ್ದೆ. ಎಂಜಿನ್ ಗಟ್ಟಿಯಾಗಿದೆ. ಇನ್ನೊಂದು ನೋಡಿ." ಅವನು ಬಾನೆಟ್ ಎತ್ತಿ ಉದ್ದನೆಯ ಕಡ್ಡಿಯೊಂದನ್ನು ಎಳೆದ. ಎಣ್ಣೆ ಮೇಲಿನ ಗೆರೆಗೇ ನಿಂತಿತ್ತು. "ಅಕ್ಟೋಬರಿಂದ ಒಂದು ಕೂದಲಷ್ಟೂ ಇಳಿದಿಲ್ಲ. ಮೇಲಿಂದ ಯಾರೂ ತುಂಬಿಸಿಲ್ಲ, ಮುಚ್ಚಳಕ್ಕೆ ನಾನು ಹಾಕಿದ ಗುರುತು ಹಾಗೇ ಇದೆ. ಎಣ್ಣೆ ಉರೀತಾ ಇದೆ, ಆದ್ರೆ ಎಣ್ಣೆ ಕಮ್ಮಿ ಆಗ್ತಿಲ್ಲ. ಇದೆಂಥ ಜಾದೂ?"

"ಬರ್ಕೊಂಡ್ಯಾ?" ಎಂದು ಸುಭದ್ರಮ್ಮ ಪ್ರತಿಭಾಳ ಕಡೆ ತಿರುಗಿದರು. ಆ ಮಾತಿನ ಕೆಳಗೆ ಪ್ರತಿಭಾ ಆಗಲೇ ಎರಡು ಗೆರೆ ಎಳೆದಿದ್ದಳು.

ಕಾರು ಗ್ಯಾರೇಜಿಗೆ ಬಂದ ದಿನಗಳನ್ನು ಮುಕ್ತಾರ್ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದ. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿಯ ಮೊದಲ ವಾರ. ಆಮೇಲೆ ಫೆಬ್ರವರಿ ಪೂರ್ತಿ ಏನೂ ಇಲ್ಲ. ಮತ್ತೆ ಮಾರ್ಚ್ ಕೊನೆ, ಯುಗಾದಿಯ ಹಿಂದಿನ ದಿನ.

"ಜನವರಿಯಲ್ಲಿ ಏನು ಬೇರೆ ಮಾಡಿದೆ?"

"ಏನೂ ಇಲ್ಲ. ಗುಜರಿ ಸೆನ್ಸರ್ ಹಾಕಿದ್ದು ಆವಾಗ್ಲೇ. ಗೆದ್ದೆ ಅನ್ಕೊಂಡಿದ್ದೆ. ಮಾರ್ಚಲ್ಲಿ ಅದೂ ಹೀಗೇ ಆಯ್ತು." ಅವನು ಕಾರಿನಲ್ಲಿದ್ದ ಸೆನ್ಸರನ್ನೂ ಬಿಚ್ಚಿ ತೋರಿಸಿದ. ಅದೇ ಜಿಡ್ಡು, ಅದೇ ಕಪ್ಪು.

ಮತ್ತೆ ಅದನ್ನು ಕೂರಿಸಿ ಅವನು ಕಾರು ಶುರುಮಾಡಿದ. ಹಳದಿ ದೀಪ ಹತ್ತಿ ಹಾಗೇ ಉಳಿಯಿತು. ಹಿಂದೆ ನಿಂತಿದ್ದ ಪ್ರತಿಭಾಳ ಮೂಗಿಗೆ ಹೊಗೆ ಬಡಿಯಿತು. ಅವಳಿಗೆ ಏಕೋ ದಾವಣಗೆರೆಯ ಬಸ್ ನಿಲ್ದಾಣದ ಆಟೋ ಸಾಲು ನೆನಪಾಯಿತು. ಅದನ್ನು ಬರೆಯಬೇಕೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಬರೆದೇಬಿಟ್ಟಳು. ಹೊರಡುವ ಮುಂಚೆ ಸುಭದ್ರಮ್ಮ ಮುಕ್ತಾರನ ಕೈಗೆ ಪುಟ್ಟ ಗಾಜಿನ ಸೀಸೆಯೊಂದನ್ನು ಕೊಟ್ಟು, ಅವನಿಗಷ್ಟೇ ಕೇಳುವಂತೆ ಏನೋ ಹೇಳಿದರು.

ಶನಿವಾರ ಬೆಳಿಗ್ಗೆ ಅವರು ಆಟೋದಲ್ಲಿ ಮಹದೇವಪುರಕ್ಕೆ ಹೋದರು. ರಿಂಗ್ ರಸ್ತೆಯ ಗಾಜಿನ ಕಟ್ಟಡಗಳನ್ನು ದಾಟಿ ಒಳಗೆ ತಿರುಗಿದರೆ ಹಳೆಯ ಊರು ಇನ್ನೂ ಹಾಗೇ ಇತ್ತು. ಮುನಿಕೃಷ್ಣಪ್ಪ ಬಾಗಿಲಲ್ಲೇ ಗುರುತು ಹಿಡಿದರು.

"ಅಯ್ಯೋ, ಕಾಲೇಜಮ್ಮ! ಬನ್ರಮ್ಮಾ, ಬನ್ನಿ. ಒಂದೂವರೆ ಲೀಟ್ರು, ಹಬ್ಬಕ್ಕೆ ಎರಡು. ಸರಿ ತಾನೇ?"

"ಸರಿಯಾಗೇ ಹೇಳಿದ್ರಿ," ಎಂದು ಸುಭದ್ರಮ್ಮ ನಕ್ಕರು.

ಪ್ರತಿಭಾ ಜಗಲಿಯ ತುದಿಯಲ್ಲಿ ಕೂತು ಸುತ್ತ ನೋಡಿದಳು. ಮೂಲೆಯಲ್ಲಿ ಹಾಲಿನ ಕ್ಯಾನುಗಳು ಒಂದರ ಮೇಲೊಂದು, ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು. ಅವುಗಳ ಮೇಲೆ ಮೊಳೆಗೆ ನೇತುಹಾಕಿದ ತಗಡಿನ ಆಲಿಕೆ. ಅದರ ಮೇಲೆ ಮಾತ್ರ ಧೂಳಿರಲಿಲ್ಲ. ಮುನಿಕೃಷ್ಣಪ್ಪನವರ ಬಿಳಿ ಅಂಗಿಯ ತೋಳಿನ ಅಂಚಿನಲ್ಲಿ ನೀಲಿಯ ಒಂದು ಕಲೆ. ಶಾಯಿ ಇರಬೇಕು ಎಂದುಕೊಂಡಳು. ಆದರೆ ಜೇಬಿನಲ್ಲಿ ಪೆನ್ನಿರಲಿಲ್ಲ, ಮತ್ತು ಶಾಯಿಯ ಕಲೆಯ ಸುತ್ತ ಹೀಗೆ ಎಣ್ಣೆಯ ಪಸೆ ಇರುವುದಿಲ್ಲ.

ಕಾಫಿ ತಂದವಳು ಮಗಳು ಹಂಸ. ದಿನಾ ಕಾರಿನಲ್ಲಿ ಕೆಲಸಕ್ಕೆ ಹೋಗುವವಳು. "ಆಂಟಿ, ನಂಗಂತೂ ಆ ಡಬ್ಬಾ ಸಾಕಾಗ್ಹೋಗಿದೆ. ಹೊಸದು ತಗೋಳಪ್ಪಾ ಅಂದ್ರೆ ಕೇಳಲ್ಲ. ಟ್ರಾಫಿಕ್ ಪೊಲೀಸ್ ಎಮಿಷನ್ ಸರ್ಟಿಫಿಕೇಟ್ ಕೇಳ್ತಾನೆ, ನಾನು ಹಲ್ಲು ಕಿರೀತೀನಿ."

"ಫೆಬ್ರವರಿಯಲ್ಲಿ ತೊಂದರೆ ಕೊಡ್ಲಿಲ್ಲವಂತಲ್ಲ?"

"ಹೌದಲ್ವಾ? ಅಪ್ಪನ ಕಣ್ಣಿನ ಆಪರೇಷನ್ ಆಗಿತ್ತು, ಎರಡು ತಿಂಗಳು ಹೊರಗೆ ಬಿಟ್ಟಿರ್ಲಿಲ್ಲ. ಸಂಕ್ರಾಂತಿಯಿಂದ ಎಲ್ಲಾ ನಾನೇ ನೋಡ್ಕೊಂಡೆ."

"ಪೆಟ್ರೋಲೂ?"

"ಹ್ಞೂಂ, ಆಫೀಸ್ ಹತ್ರ. ಇಲ್ದಿದ್ರೆ ಅದು ಅಪ್ಪನ ಡಿಪಾರ್ಟ್‌ಮೆಂಟು. ಭಾನುವಾರ ಬೆಳಿಗ್ಗೆ ನಾನು ಏಳೋದ್ರೊಳಗೆ ಪೂಜೆ ಮಾಡಿ, ಟ್ಯಾಂಕ್ ತುಂಬಿಸ್ಕೊಂಡು ಬಂದಿರ್ತಾರೆ."

"ಭಾನುವಾರ ಪೆಟ್ರೋಲ್ ಒಂದೇನಾ?" ಎಂದು ಸುಭದ್ರಮ್ಮ ಮುನಿಕೃಷ್ಣಪ್ಪನವರನ್ನು ಕೇಳಿದರು.

"ಗಾಡಿಗೆ ಏನ್ ಬೇಕೋ ಅದು. ದನ ಸಾಕಿದೋನಿಗೆ ಗಾಡಿ ಸಾಕೋಕೆ ಬರಲ್ವಾ?" ಎಂದರು ಅವರು ಗತ್ತಿನಿಂದ. "ಇಪ್ಪತ್ತೆಂಟು ವರ್ಷ ನನ್ನ ಸ್ಕೂಟರ್ ಒಂದು ದಿನ ನಿಂತಿಲ್ಲಮ್ಮ. ನೀವೇ ಸಾಕ್ಷಿ. ಈ ಮುಕ್ತಾರ ಆರು ತಿಂಗಳಾದ್ರೂ ಒಂದು ದೀಪ ಆರಿಸ್ಲಿಲ್ಲ. ಆರಿಸೋದೆಲ್ಲಿಂದ ಬಂತು, ಒಳಗಿನ ಸಾಮಾನೇ ಎತ್ತಿದ್ದಾನೆ!"

ಅಷ್ಟರಲ್ಲಿ ಮುನೀಂದ್ರ ಬೈಕಿನಲ್ಲಿ ಬಂದ. ಬಂದವನೇ, "ದೊಡ್ಡಪ್ಪಾ, ಷೆಡ್ ಅಳತೆ ತೆಗೆಯೋಕೆ ಸೋಮವಾರ ಜನ ಬರ್ತಾರೆ. ಮೊಬೈಲ್ ಶೋರೂಮಿಗೆ ಗಾಜು ಯಾವುದು ಹಾಕ್ಸೋಣ?" ಎಂದ. ಹೆಂಗಸರನ್ನು ಕಂಡು ಮಾತು ನುಂಗಿಕೊಂಡ.

ವಾಪಸಾಗುವಾಗ ಆಟೋದಲ್ಲಿ ಪ್ರತಿಭಾ ತಡೆಯಲಾರದೆ ಹೇಳಿದಳು. "ಅವನದೇ ಕೆಲಸ ರೀ ಅಮ್ಮಾ! ಆ ಜಾಗ ಅವನಿಗೆ ಬೇಕು. ಮೊಬೈಲ್ ಶೋರೂಮ್ ಮಾಡ್ತಾನ. ಕಾರು ಕೆಡಿಸಿದ್ರ ಮುಕ್ತಾರ್ ಮೇಲೆ ಬರತದ, ಷೆಡ್ ಖಾಲಿ ಆಗತದ."

"ಜಾಗ ಬೇಕು, ನಿಜ. ಸೆನ್ಸರ್ ನಂಬರ್ ಕಂಡದ್ದೇ ಹಬ್ಬ ಮಾಡ್ಕೊಂಡ, ಅದೂ ನಿಜ. ಆದ್ರೆ ಫೆಬ್ರವರಿಯಲ್ಲಿ ಅವನ ಕೈ ಯಾರು ಹಿಡ್ಕೊಂಡಿದ್ರು? ದೊಡ್ಡಪ್ಪ ಹಾಸಿಗೆಯಲ್ಲಿದ್ದಾಗ ಕೆಡಿಸೋದು ಇನ್ನೂ ಸುಲಭ ಆಗ್ತಿತ್ತು."

"ಹಾಗಾದ್ರ ಹಂಸ? ಹೊಸ ಕಾರು ಬೇಕು ಅಂತಾಳ..."

"ಫೆಬ್ರವರಿಯಲ್ಲಿ ಕಾರು ಪೂರ್ತಿ ಅವಳ ಕೈಯಲ್ಲೇ ಇತ್ತು. ಆಗಲೇ ದೀಪ ಹತ್ತಲಿಲ್ಲ." ಸುಭದ್ರಮ್ಮ ಹೊರಗೆ ನೋಡುತ್ತ ಕೂತರು. ಹಲಸೂರು ಹತ್ತಿರ ಬಂದಾಗ ಮೆಲ್ಲಗೆ ಹೇಳಿದರು. "ನನಗೆ ಗೊತ್ತಾಗಿದೆ ಪ್ರತಿಭಾ. ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ. ಒಬ್ಬನ ಮಾನ ಉಳಿಸೋಕೆ ಇನ್ನೊಬ್ಬರ ಮಾನ ತೆಗೆದ್ರೆ ನಾನು ಮಾಡಿದ್ದೇನು ಬಂತು? ನಾಳೆ ನಿನ್ನ ಗಾಡಿ ತಗೊಂಡು ಬಾ. ಅದರಲ್ಲಿ ಪೆಟ್ರೋಲ್ ಇದೆ ತಾನೇ?"

ಪ್ರತಿಭಾಳದು ಹಳೆಯ ಪುಟ್ಟ ಮೊಪೆಡ್. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಅವಳಿಗೆ ಹೊಳೆಯಲಿಲ್ಲ. ಹೊಳೆಯಬೇಕಿತ್ತು ಎಂದು ಆಮೇಲೆ ಎಷ್ಟೋ ದಿನ ತನ್ನನ್ನೇ ಬೈದುಕೊಂಡಳು.

ಭಾನುವಾರ ಹತ್ತು ಗಂಟೆಗೆ ಷೆಡ್ಡಿನಲ್ಲಿ ಎಲ್ಲರೂ ಸೇರಿದರು. ಮುನಿಕೃಷ್ಣಪ್ಪ ಸ್ಟೂಲಿನ ಮೇಲೆ, ಪಕ್ಕದಲ್ಲಿ ಹಂಸ. ಮುನೀಂದ್ರ ಬಾಗಿಲಿಗೆ ಒರಗಿ ಬೀಗದ ಕೈಗೊಂಚಲನ್ನು ಬೆರಳಿನಲ್ಲಿ ತಿರುಗಿಸುತ್ತಿದ್ದ. ಬಿಲ್ಕೀಸ್ ಗಂಡನ ಹಿಂದೆ ನಿಂತಿದ್ದಳು. ಸುಭದ್ರಮ್ಮ ಬಾನೆಟ್ಟಿನ ಮೇಲೆ ಒಂದು ಬಿಳಿ ಟವೆಲ್ ಹಾಸಿ, ಎರಡು ಸೆನ್ಸರುಗಳನ್ನು ಅಕ್ಕಪಕ್ಕ ಇಟ್ಟರು.

"ಮೊದಲು ಕಳ್ಳತನದ ಮಾತು ಮುಗಿಸೋಣ. ಡಬ್ಬಿಯಲ್ಲಿದ್ದ ಈ ಸೆನ್ಸರ್ ನಿಮ್ಮ ಕಾರಿಂದಲ್ಲ ಅಂತ ಮುನೀಂದ್ರ ಅನ್ನಬಹುದು. ಕಾರಿನಿಂದ ಈಗ ಬಿಚ್ಚಿದ್ದು ಗುಜರಿದು, ಅದನ್ನ ಮುಕ್ತಾರೇ ಒಪ್ಪಿದ್ದಾನೆ. ಎರಡನ್ನೂ ಮುಟ್ಟಿ ನೋಡಪ್ಪಾ."

ಮುನೀಂದ್ರ ಅಸಡ್ಡೆಯಿಂದ ಮುಟ್ಟಿದ. ಎರಡು ಬೆರಳೂ ಕಪ್ಪಾದವು.

"ಒಂದೇ ಜಿಡ್ಡು. ಮಾಮೂಲಿ ಕಾರಿನ ಮಸಿ ಒಣಗಿರತ್ತೆ, ಹೀಗೆ ಅಂಟಲ್ಲ. ಇಂಥ ಕಾಯಿಲೆ ಅಪರೂಪ ಅಂತ ಮುಕ್ತಾರ್ ಹೇಳ್ತಾನೆ. ಎರಡು ಸೆನ್ಸರಿಗೂ ಅದೇ ಅಪರೂಪದ ಕಾಯಿಲೆ ಬಂದಿದೆ ಅಂದ್ರೆ ಎರಡೂ ಒಂದೇ ಎಂಜಿನ್ನಿನ ಹೊಗೆ ಕುಡಿದಿವೆ. ಇದು ನಿಮ್ಮ ಕಾರಿಂದೇ. ಯಾರೂ ಮಾರ್ಕೊಂಡಿಲ್ಲ. ಮುಕ್ತಾರ್ ಹೇಳದೆ ಹಾಕಿದ್ದು ತಪ್ಪು. ಆದರೆ ಮುಚ್ಚಿಟ್ಟದ್ದು ಸೋಲನ್ನ, ಕಳ್ಳತನವನ್ನಲ್ಲ."

ಬಿಲ್ಕೀಸ್ ಉಸಿರು ಬಿಟ್ಟದ್ದು ಪ್ರತಿಭಾಳಿಗೆ ಕೇಳಿಸಿತು.

"ಸರಿ, ಕಾಯಿಲೆ ಎಲ್ಲಿಂದ ಬಂತು ಆಂಟಿ?" ಎಂದಳು ಹಂಸ.

"ಎಣ್ಣೆಯಿಂದ. ಆದರೆ ಎಂಜಿನ್ ಒಳಗಿನ ಎಣ್ಣೆ ಒಂದು ಗೆರೆಯೂ ಇಳಿದಿಲ್ಲ. ಇದನ್ನ ಮುಕ್ತಾರ್ ಜಾದೂ ಅಂದ. ಪ್ರಯೋಗಾಲಯದಲ್ಲಿ ಜಾದೂ ಇಲ್ಲ. ಉರಿದ ಎಣ್ಣೆ ಒಳಗಿಂದ ಬಂದಿಲ್ಲ ಅಂದ್ರೆ ಹೊರಗಿಂದ ಬಂದಿರ್ಬೇಕು. ಎಂಜಿನ್ನಿಗೆ ಹೊರಗಿಂದ ಹೋಗೋದು ಎರಡೇ, ಗಾಳಿ ಮತ್ತೆ ಪೆಟ್ರೋಲು."

ಅವರು ಚೀಲದಿಂದ ಮೂರು ಫಿಲ್ಟರ್ ಕಾಗದಗಳನ್ನೂ ಮೂರು ಸೀಸೆಗಳನ್ನೂ ತೆಗೆದರು. "ಮೊದಲನೇದು, ನೀವು ಪ್ರತಿ ಭಾನುವಾರ ತುಂಬಿಸೋ ಬಂಕಿನಿಂದಲೇ ಇವತ್ತು ಬೆಳಿಗ್ಗೆ ತಂದ ಪೆಟ್ರೋಲು. ಎರಡನೇದು, ಮುಕ್ತಾರ್ ಶುಕ್ರವಾರ ಈ ಕಾರಿನ ಪೆಟ್ರೋಲ್ ಪೈಪಿನಿಂದ ತೆಗೆದದ್ದು. ಮೂರನೇದು ನಮ್ಮ ಪ್ರತಿಭಾಳ ಮೊಪೆಡ್ಡಿಂದು. ಶುದ್ಧ ಪೆಟ್ರೋಲು ಕಾಗದದ ಮೇಲೆ ಗುರುತು ಬಿಡದೆ ಆರಿಹೋಗತ್ತೆ."

ಒಂದೊಂದು ಕಾಗದದ ಮೇಲೆ ಎರಡೆರಡು ಹನಿ ಬಿತ್ತು. ಎಲ್ಲರೂ ಬಗ್ಗಿ ನೋಡಿದರು. ಕೈಗೊಂಚಲಿನ ಸದ್ದು ನಿಂತಿತ್ತು. ಒಂದೆರಡು ನಿಮಿಷಕ್ಕೆ ಮೊದಲ ಕಾಗದ ಏನೂ ಆಗದಂತೆ ಬೆಳ್ಳಗೆ ಉಳಿಯಿತು. ಎರಡನೆಯದರಲ್ಲಿ ನೀಲಿಯ ಜಿಡ್ಡು ಉಂಗುರ ಉಳಿಯಿತು. ಮೂರನೆಯದರಲ್ಲೂ ಅಂಥದೇ ಉಂಗುರ.

"ಅರೇ," ಎಂದ ಮುಕ್ತಾರ್. "ಟೂ ಟಿ ಆಯಿಲ್!"

ಆಗ ಪ್ರತಿಭಾಳಿಗೆ ಆಟೋ ಸಾಲಿನ ವಾಸನೆಯ ಅರ್ಥವಾಯಿತು. ಅವಳ ಮೊಪೆಡ್ಡಿಗೆ, ಹಳೆಯ ಸ್ಕೂಟರುಗಳಿಗೆ, ಆಟೋಗಳಿಗೆ ಪೆಟ್ರೋಲಿನಲ್ಲೇ ಬೆರೆಸಿ ಹಾಕುವ ಎಣ್ಣೆ ಅದು. ಅದಿಲ್ಲದೆ ಆ ಗಾಡಿಗಳ ಎಂಜಿನ್ ಕಚ್ಚಿಕೊಂಡು ನಿಲ್ಲುತ್ತದೆ.

"ಕಾರಿಗೆ ಅದನ್ನ ಯಾವ ಬುದ್ಧಿಗೇಡಿ ಹಾಕ್ತಾನೆ?" ಎಂದ ಮುನೀಂದ್ರ. "ನೋಡಿ ದೊಡ್ಡಪ್ಪಾ, ಇವನೇ ಹಾಕಿರ್ಬೇಕು, ಗಾಡಿ ಮತ್ತೆ ಮತ್ತೆ ಇಲ್ಲಿಗೇ ಬರ್ಲಿ ಅಂತ."

"ಜನವರಿಯಿಂದ ಮಾರ್ಚ್ ಕೊನೇವರೆಗೆ ಕಾರು ಇಲ್ಲಿಗೆ ಬಂದೇ ಇಲ್ಲ. ಜನವರಿಯಲ್ಲಿ ಹಾಕಿದ ಸೆನ್ಸರ್ ಫೆಬ್ರವರಿಯೆಲ್ಲ ಚೆನ್ನಾಗಿತ್ತು, ಮಾರ್ಚಲ್ಲಿ ನಿಮ್ಮ ಮನೆಯಲ್ಲಿದ್ದಾಗ ಕೆಟ್ಟಿತು," ಎಂದರು ಸುಭದ್ರಮ್ಮ. ಆಮೇಲೆ ಅವನನ್ನು ಬಿಟ್ಟು, ಸ್ಟೂಲಿನ ಮೇಲೆ ಕೂತವರ ಕಡೆ ತಿರುಗಿದರು. ಅವರ ದನಿ ಬದಲಾಯಿತು. "ಮುನಿಕೃಷ್ಣಪ್ಪನೋರೆ, ಇಪ್ಪತ್ತೆಂಟು ವರ್ಷ ನಿಮ್ಮ ಸ್ಕೂಟರ್ ಒಂದು ದಿನವೂ ನಿಲ್ಲಲಿಲ್ಲ. ಮಳೆ ಇರಲಿ, ಬಂದ್ ಇರಲಿ, ಹಾಲು ತಪ್ಪಲಿಲ್ಲ. ಅದರ ಗುಟ್ಟೇನು ಅಂತ ಈ ಚಿಕ್ಕವರಿಗೆ ಹೇಳ್ತೀರಾ?"

ಮುನಿಕೃಷ್ಣಪ್ಪ ಮೈ ನೆಟ್ಟಗೆ ಮಾಡಿಕೊಂಡರು. "ಗುಟ್ಟೇನು ಬಂತಮ್ಮ! ಎಣ್ಣೆ. ಬಂಕಿನವನ ಕೈಗೆ ಬಿಟ್ರೆ ಕಮ್ಮಿ ಹಾಕ್ತಾನೆ. ನಾನು ಯಾವತ್ತೂ ನನ್ನ ಕೈಯಲ್ಲೇ, ಮನೆಯಲ್ಲೇ, ಅಳತೆ ಮಾಡಿ ಹಾಕೋದು. ಗಂಟಲು ಒಣಗಬಾರದು ಗಾಡಿದು. ಈಗ್ಲೂ ಅಷ್ಟೇ, ಭಾನುವಾರ ಪೂಜೆ ಆದ್ಮೇಲೆ ಕಾರಿಗೆ ಆಲಿಕೆ ಇಟ್ಟು..."

ಮಾತು ಅಲ್ಲೇ ನಿಂತಿತು. ಅವರು ನೀಲಿ ಉಂಗುರವಿದ್ದ ಕಾಗದವನ್ನು ನೋಡಿದರು. ಆಮೇಲೆ ತಮ್ಮ ಅಂಗಿಯ ತೋಳನ್ನು ನೋಡಿಕೊಂಡರು.

ಮುನೀಂದ್ರ ಗೋಡೆಯ ಕ್ಯಾಲೆಂಡರನ್ನು ಓದತೊಡಗಿದ. ಹಂಸ, "ಅಪ್ಪಾ..." ಎಂದು ಅವರ ಭುಜದ ಮೇಲೆ ಕೈಯಿಟ್ಟಳು.

"ಅದು ಹಾಕ್ದೆ ಇದ್ರೆ ಒಣಗಲ್ವಾ?" ಎಂದರು ಮುನಿಕೃಷ್ಣಪ್ಪ, ಬಹಳ ಸಣ್ಣ ದನಿಯಲ್ಲಿ. "ಯಾರೂ ಹೇಳ್ಲಿಲ್ಲವಲ್ಲ ನನಗೆ."

"ನಿಮ್ಮ ಆಪರೇಷನ್ ಆದ ಎರಡು ತಿಂಗಳು ಹಂಸ ಬರೀ ಪೆಟ್ರೋಲ್ ಹಾಕಿಸಿದ್ಲು. ಅದಕ್ಕೇ ಆಗ ದೀಪ ಹತ್ತಲಿಲ್ಲ," ಎಂದರು ಸುಭದ್ರಮ್ಮ. "ನೀವು ಗಾಡಿ ಕೆಡಿಸ್ಬೇಕು ಅಂತ ಹಾಕಿದ್ದಲ್ಲ. ಚೆನ್ನಾಗಿ ನೋಡ್ಕೋಬೇಕು ಅಂತ ಹಾಕಿದ್ರಿ. ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಅಡುಗೆಗೆ ಉಪ್ಪು ಹಾಕಿದೆ ಅಂತ ಯಾರಾದ್ರೂ ಹೇಳ್ಕೊಂಡು ತಿರುಗ್ತಾರಾ?"

ಮುಕ್ತಾರ್ ಈಗ ಏನು ಮಾಡುತ್ತಾನೋ ಎಂದು ಪ್ರತಿಭಾ ಅವನತ್ತ ನೋಡಿದಳು. ಅವಮಾನವಾಗಿ ನಾಲ್ಕು ದಿನವಾಗಿತ್ತು, ಬಾಗಿಲಾಚೆ ಟೀ ಅಂಗಡಿಯ ಜನ ಇತ್ತಲೇ ನೋಡುತ್ತಿದ್ದರು. ಅವನು ಕೈ ಒರೆಸಿಕೊಂಡು ಬಾನೆಟ್ ಎತ್ತಿದ.

"ಯಜಮಾನ್ರೇ, ಇಲ್ಲಿ ಬನ್ನಿ. ಇದು ನೋಡಿ, ಕಡ್ಡಿ. ಕಾರಿಗೆ ಎಣ್ಣೆದು ರೂಮೇ ಬೇರೆ, ಪೆಟ್ರೋಲ್‌ದು ರೂಮೇ ಬೇರೆ. ಎರಡೂ ಸೇರಲ್ಲ. ಗಂಟಲು ಒಣಗಲ್ಲ." ಅವನು ಕಡ್ಡಿಯನ್ನು ಅವರ ಕೈಗೇ ಕೊಟ್ಟ. "ನಾನೂ ಕೇಳ್ಬೇಕಿತ್ತು.  ಇಷ್ಟು ವರ್ಷ ಸ್ಕೂಟರ್ ಓಡಿಸಿದವ್ರು ಮೊದಲ ಸಲ ಕಾರ್ ತಂದಿದೀರಿ. ಎಂಜಿನ್ನೆಲ್ಲಾ ಬಿಚ್ಚಿ ನೋಡ್ದೆ, ನಿಮ್ಮನ್ನ ಒಂದು ಮಾತು ಕೇಳ್ಲಿಲ್ಲ."

ಮುನಿಕೃಷ್ಣಪ್ಪ ಕಡ್ಡಿಯನ್ನು ಬೆಳಕಿಗೆ ಹಿಡಿದು ಎಣ್ಣೆಯ ಗೆರೆಯನ್ನು ಬಹಳ ಹೊತ್ತು ನೋಡಿದರು. ಅದನ್ನು ಒರೆಸಿ, ಇದ್ದಲ್ಲೇ ಸೇರಿಸಿದರು. ಮುನೀಂದ್ರನ ಕೈಯಿಂದ ಬೀಗದ ಕೈಗೊಂಚಲನ್ನು ತೆಗೆದುಕೊಂಡು ಮುಕ್ತಾರನ ಮುಂದಿಟ್ಟರು.

"ಷೆಡ್ ನಿಂದೇ," ಎಂದರು.

ಮುಕ್ತಾರ್ ಅದನ್ನು ಮುಟ್ಟಲಿಲ್ಲ. ಹೆಂಡತಿಯ ಮುಖ ನೋಡಿದ. ಬಿಲ್ಕೀಸ್ ಒಂದು ಹೆಜ್ಜೆ ಮುಂದೆ ಬಂದಳು. "ಯಜಮಾನ್ರೇ, ನೀವು ಅಂದದ್ದು ಇಲ್ಲಿ ಅಲ್ಲ."

ಅವರಿಗೆ ಅರ್ಥವಾಯಿತು. ಪಂಚೆಯನ್ನು ಸರಿಮಾಡಿಕೊಂಡು ಹೊರಟರು. ರಸ್ತೆ ದಾಟುವಾಗ ಹಂಸ ಕೈ ಹಿಡಿಯಲು ಹೋದಳು, ಬೇಡವೆಂದರು. ಷೆಡ್ಡಿನ ಬಾಗಿಲಿನಿಂದ ಇವರೆಲ್ಲ ನೋಡುತ್ತಿದ್ದರು. ಟೀ ಅಂಗಡಿಯ ಮುಂದೆ ಲೋಟ ಹಿಡಿದವರು ತಿರುಗಿದರು. ಮುಂಜಾನೆ ಬೀದಿಬೀದಿಯಲ್ಲಿ ಹಾಲು ಎಂದು ಕೂಗಿ ಗಟ್ಟಿಯಾದ ದನಿ ಅದು. ವಾಹನಗಳ ಸದ್ದಿನ ನಡುವೆಯೂ ಸ್ಪಷ್ಟವಾಗಿ ಕೇಳಿಸಿತು.

"ಬುಧವಾರ ಇಲ್ಲಿ ಒಂದು ಮಾತು ಆಡ್ದೆ. ಅದು ತಪ್ಪು. ಮುಕ್ತಾರ್ ಏನೂ ಕದ್ದಿಲ್ಲ. ಗಾಡಿ ಕೆಡಿಸ್ದೋನು ನಾನೇ, ತಿಳೀದೆ. ಬುಧವಾರ ಇದ್ದು ಇವತ್ತು ಇಲ್ದಿರೋರಿಗೆ ನೀವೇ ಹೇಳ್ಬಿಡಿ." ಆಮೇಲೆ ಅಂಗಡಿಯವನಿಗೆ, "ಷೆಡ್ಡಿಗೆ ಏಳು ಟೀ ಕಳ್ಸಪ್ಪಾ," ಎಂದರು.

ಬಿಲ್ಕೀಸ್ ಸೆರಗಿನಿಂದ ಮುಖ ಒರೆಸಿಕೊಂಡು, ಗೋಣಿಚೀಲದಿಂದ ಸ್ಪ್ಯಾನರುಗಳನ್ನು ಒಂದೊಂದಾಗಿ ಹೊರಗೆ ತೆಗೆದು ಗೋಡೆಯ ಮೊಳೆಗಳಿಗೆ ಸಿಕ್ಕಿಸತೊಡಗಿದಳು.

ಟೀ ಆದ ಮೇಲೆ ಮುಕ್ತಾರ್ ಕಾರಿನ ಟ್ಯಾಂಕ್ ಖಾಲಿಮಾಡಲು ಕೂತ. ಮುನಿಕೃಷ್ಣಪ್ಪ ಕಾರಿನ ಡಿಕ್ಕಿಯಿಂದ ಬಟ್ಟೆಯಲ್ಲಿ ಸುತ್ತಿದ ನೀಲಿ ಸೀಸೆಯೊಂದನ್ನು ತೆಗೆದು, ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡು ನಿಂತರು. ಅವರ ಕಣ್ಣು ಪ್ರತಿಭಾಳ ಮೊಪೆಡ್ಡಿನ ಮೇಲೆ ಬಿತ್ತು.

"ಇದಕ್ಕೆ ಬೇಕಲ್ವಾ ಮಗಳೇ?"

"ಬೇಕ್ರಿ. ನಾನು ಬಂಕಿನಲ್ಲೇ ಹಾಕಿಸ್ತೀನಿ."

"ಅವರು ಕಮ್ಮಿ ಹಾಕ್ತಾರೆ," ಎಂದರು ಮುನಿಕೃಷ್ಣಪ್ಪ.

ಅವರು ಬಗ್ಗಿ ಟ್ಯಾಂಕಿನೊಳಗೆ ಎಷ್ಟು ಪೆಟ್ರೋಲಿದೆ ಎಂದು ಇಣುಕಿದರು. ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, ಸೀಸೆಯ ಮುಚ್ಚಳಕ್ಕೆ ಎಣ್ಣೆ ಬಗ್ಗಿಸಿದರು. ಅದನ್ನು ಮೊಪೆಡ್ಡಿನ ಟ್ಯಾಂಕಿಗೆ ಸುರಿದರು. ಒಂದು ಹನಿಯೂ ಹೊರಗೆ ಬೀಳಲಿಲ್ಲ.